ವಿಡಿಯೊ ಪೋಕರ್: ಐದೆಲೆಯಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಸಾಡಬೇಕು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇಸ್ಪೀಟೆಲೆ ಹಿಡಿದು ಬೆಳೆದವರಿಗೆ ಮೂರು ಆಟಗಳು ಚೆನ್ನಾಗಿ ಗೊತ್ತು: ರಮ್ಮಿ, ಮೂರೆಲೆ, ಅಂದರ್ ಬಾಹರ್. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಜಗಲಿಯ ಮೇಲೆ ಚಾಪೆ ಹಾಸಿದರೆ ಈ ಮೂರರಲ್ಲಿ ಒಂದು ನಡೆದೇ ನಡೆಯುತ್ತದೆ. ಇಂಥವರು ಮೊಬೈಲಿನಲ್ಲಿ ವಿಡಿಯೊ ಪೋಕರ್ ತೆರೆದಾಗ ಎಲೆಗಳು ಅವೇ ಆದ್ದರಿಂದ ಆಟವೂ ತಿಳಿದದ್ದೇ ಎಂದುಕೊಳ್ಳುತ್ತಾರೆ. ಆದರೆ ರಮ್ಮಿಯ ಕೈರೂಢಿ, ಮೂರೆಲೆಯ ಕೈರೂಢಿ, ಅಂದರ್ ಬಾಹರ್‌ನ ನಂಬಿಕೆ ಮೂರೂ ಇಲ್ಲಿ ಬೇರೆಬೇರೆ ರೀತಿಯಲ್ಲಿ ದಾರಿ ತಪ್ಪಿಸುತ್ತವೆ. ವಿಡಿಯೊ ಪೋಕರ್‌ನಲ್ಲಿ ಎದುರಾಳಿ ಇಲ್ಲ, ಮುಖ ನೋಡಿ ಅಳೆಯುವುದಿಲ್ಲ, ಹೆದರಿಸಿ ಎಬ್ಬಿಸುವುದಿಲ್ಲ. ಕಣ್ಣೆದುರು ಐದು ಎಲೆ, ಕಾಣದ 47 ಎಲೆ, ಒಂದು ದರಪಟ್ಟಿ, ಇಷ್ಟೇ. ಪ್ರತಿ ಕೈಗೂ ಒಂದು ಸರಿಯಾದ ಉತ್ತರವಿದೆ, ಅದನ್ನು ಎಣಿಸಿ ತೆಗೆಯಬಹುದು. ಈ ಆಟ ಕಲಿಯಲು ಯೋಗ್ಯವಾಗಿರುವುದು ಈ ಎಣಿಕೆಗಾಗಿಯೇ. ಆದ್ದರಿಂದ ಈ ಮಾರ್ಗದರ್ಶಿ ಹಣವಿಲ್ಲದೆ, ಒಂದು ಕಟ್ಟು ಎಲೆ ಮತ್ತು ಹುಣಸೆಬೀಜ ಇಟ್ಟುಕೊಂಡು ಕಲಿಯುವವರಿಗಾಗಿ.

ಆಟ ನಡೆಯುವ ಬಗೆ

ಯಂತ್ರ 52 ಎಲೆಯ ಒಂದು ಕಟ್ಟನ್ನು ಕಲಸಿ ಐದು ಎಲೆಗಳನ್ನು ಮುಖ ಮೇಲಾಗಿ ಹಾಕುತ್ತದೆ. ನಿಮಗೆ ಬೇಕಾದ ಎಲೆಗಳ ಕೆಳಗಿನ ಹೋಲ್ಡ್ ಗುಂಡಿ ಒತ್ತಿ ಉಳಿಸಿಕೊಳ್ಳಬೇಕು. ಐದನ್ನೂ ಉಳಿಸಬಹುದು, ಐದನ್ನೂ ಬಿಡಬಹುದು, ನಡುವೆ ಎಷ್ಟಾದರೂ ಸರಿ. ಒಟ್ಟು 32 ದಾರಿ. ಆಮೇಲೆ ಡ್ರಾ ಒತ್ತಿದರೆ ಬಿಟ್ಟಷ್ಟು ಎಲೆಗಳ ಬದಲಿಗೆ ಉಳಿದ 47ರಿಂದ ಹೊಸ ಎಲೆ ಬರುತ್ತದೆ. ಬಿಸಾಡಿದ ಎಲೆ ಕಟ್ಟಿಗೆ ಹಿಂತಿರುಗುವುದಿಲ್ಲ. ಬದಲಾವಣೆ ಒಂದೇ ಸಲ. ಕೊನೆಗೆ ಕೈಯಲ್ಲಿರುವ ಐದೆಲೆ ದರಪಟ್ಟಿಯಲ್ಲಿ ಇದ್ದರೆ ಅದರಷ್ಟು ನಾಣ್ಯ, ಇಲ್ಲದಿದ್ದರೆ ಸೊನ್ನೆ.

ಈ ಯಂತ್ರ ಅಮೆರಿಕದ ನೆವಾಡಾದ್ದು. ಸೈ ರೆಡ್ ಅವರ ಕಂಪನಿ 1979ರಲ್ಲಿ ಡ್ರಾ ಪೋಕರ್ ಎಂಬ ಯಂತ್ರ ತಂದಮೇಲೆ ಇದು ಹರಡಿತು. ಯಂತ್ರದಲ್ಲಿ ಎಲೆ ತೋರಿಸಿದರೆ ಅದು ನಿಜವಾದ ಕಟ್ಟಿನಂತೆಯೇ ಬೀಳಬೇಕು ಎಂಬ ನಿಯಮ ಅಲ್ಲಿದೆ. ಕೆಳಗಿನ ಎಲ್ಲ ಲೆಕ್ಕ ಆ ನಿಯಮವನ್ನು ನಂಬಿ ಮಾಡಿದ್ದು. ಮೊಬೈಲಿನ ಯಾವುದೋ ಆ್ಯಪ್ ಹಾಗೆ ಎಲೆ ಹಾಕುತ್ತದೆ ಎಂಬ ಖಾತರಿ ಇಲ್ಲ. ಮನೆಯ ಕಟ್ಟಿಗೆ ಆ ಖಾತರಿ ಇದೆ.

ಮನೆಯಲ್ಲಿ ಹೂಡುವುದು

ಒಂದೇ ಕಟ್ಟು ಬೇಕು. ರಮ್ಮಿಗೆ ಎರಡು ಕಟ್ಟು ಬೆರೆಸಿಟ್ಟಿದ್ದರೆ ಬೇರ್ಪಡಿಸಿ, ಹಿಂಬದಿ ಒಂದೇ ಚಿತ್ರವಿರುವ ಕಟ್ಟನ್ನು ಆರಿಸಿಕೊಳ್ಳಿ. ಜೋಕರ್‌ಗಳನ್ನು ಪೆಟ್ಟಿಗೆಯಲ್ಲೇ ಬಿಡಿ. ಆಟೀನು, ಡೈಮನ್, ಕಳಾವರ್, ಇಸ್ಪೀಟು ನಾಲ್ಕನ್ನೂ ಬೇರೆಬೇರೆ ಸಾಲಾಗಿ ಇಟ್ಟು ಒಂದೊಂದರಲ್ಲೂ 13 ಇದೆಯೇ ನೋಡಿ. ಹಳೆಯ ಕಟ್ಟಿನಲ್ಲಿ ಒಂದು ಎಲೆ ಕಳೆದಿರುವುದು ತೀರ ಸಾಮಾನ್ಯ. ಒಂದು ಗುಲಾಮ ಇಲ್ಲದಿದ್ದರೂ ಲೆಕ್ಕ ತಪ್ಪುತ್ತದೆ. ಮೂಲೆ ಮಡಚಿದ ಎಲೆಯಿದ್ದರೆ ಕಟ್ಟನ್ನೇ ಬದಲಿಸಿ.

ಕಲಸುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಟ್ಟನ್ನು ಎರಡು ಭಾಗ ಮಾಡಿ ಎಲೆಗಳು ಒಂದರೊಳಗೊಂದು ಸೇರುವಂತೆ ಕಲಸುವವರು ಏಳು ಸಲ ಕಲಸಬೇಕು. 52 ಎಲೆಗೆ ಏಳು ಸಲ ಸಾಕು ಎಂದು ಡೇವ್ ಬೇಯರ್, ಪರ್ಸಿ ಡಯಾಕೊನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿಕೊಟ್ಟರು. ನಮ್ಮಲ್ಲಿ ಹೆಚ್ಚು ಜನ ಮಾಡುವಂತೆ ಎಡಗೈಯಲ್ಲಿ ಹಿಡಿದು ಮೇಲಿನ ಎಲೆಗಳನ್ನು ಬಲಗೈಯಿಂದ ಜಾರಿಸುವ ರೀತಿಗೆ ಏಳು ಸಲ ಏನೇನೂ ಸಾಲದು. ಅದರ ಬದಲು ಚಾಪೆಯ ಮೇಲೆ ಎಲ್ಲ ಎಲೆಗಳನ್ನು ಕವುಚಿ ಹರಡಿ ಎರಡೂ ಅಂಗೈಯಿಂದ ಒಂದು ನಿಮಿಷ ತಿರುವಿ ಒಟ್ಟುಮಾಡಿ. ಸರಿಯಾಗಿ ಕಲಸದ ಕಟ್ಟಿನಲ್ಲಿ ಹಿಂದಿನ ಕೈಯ ಜೋಡಿಗಳು ಅಂಟಿಕೊಂಡೇ ಬರುತ್ತವೆ, ಕಲಿಯುವವರಿಗೆ ಆಟ ಇದ್ದದ್ದಕ್ಕಿಂತ ಸುಲಭವೆಂಬ ಭ್ರಮೆ ಹುಟ್ಟುತ್ತದೆ.

ನಾಣ್ಯಕ್ಕೆ 500 ಹುಣಸೆಬೀಜ ಎಣಿಸಿಕೊಳ್ಳಿ. ಪ್ರತಿ ಕೈಗೆ ಐದು ಬೀಜ ಕಟ್ಟುವುದು, ಅಂದರೆ 100 ಕೈಗಳ ಬಂಡವಾಳ. ಗೆದ್ದ ಬೀಜ ಕೊಡಲು ಇನ್ನೊಂದು ಡಬ್ಬ ಬೇರೆ ಇರಲಿ. ಒಂದು ನೋಟ್‌ಬುಕ್ಕಿನಲ್ಲಿ ಕೈ, ಉಳಿಸಿದ್ದು, ಬಂದದ್ದು ಈ ಮೂರನ್ನು ಬರೆಯುತ್ತಾ ಹೋಗಿ. ಬರೆಯದೆ ಆಡಿದರೆ ಗೆದ್ದ ಕೈ ಮಾತ್ರ ನೆನಪಿನಲ್ಲಿ ಉಳಿಯುತ್ತದೆ, ತಪ್ಪು ನಿರ್ಧಾರ ಎಲ್ಲಿ ಆಯಿತೆಂದು ಹುಡುಕಲು ಆಗುವುದಿಲ್ಲ.

ಮೊದಲು ದರಪಟ್ಟಿ ಓದಿ

ಇಲ್ಲಿ ಹೇಳುವ ಬಗೆಗೆ ಜಾಕ್ಸ್ ಆರ್ ಬೆಟರ್ ಎಂದು ಹೆಸರು. ಗುಲಾಮ, ರಾಣಿ, ರಾಜ, ಎಕ್ಕ ಈ ನಾಲ್ಕರಲ್ಲಿ ಯಾವುದರ ಜೋಡಿ ಬಂದರೂ ಕಟ್ಟಿದ್ದು ವಾಪಸ್. ಈ ನಾಲ್ಕನ್ನು ಮುಂದೆ ದೊಡ್ಡೆಲೆ ಎನ್ನೋಣ. ಹತ್ತು ದೊಡ್ಡೆಲೆ ಅಲ್ಲ. ಹೊಸಬರು ಹತ್ತರ ಜೋಡಿ ಹಿಡಿದು ಗೆದ್ದೆ ಅಂದುಕೊಳ್ಳುವುದು ದಿನವೂ ನಡೆಯುವ ತಪ್ಪು. ಒಂದು ನಾಣ್ಯಕ್ಕೆ ಬರುವುದು ಹೀಗೆ:

ದೊಡ್ಡೆಲೆಯ ಜೋಡಿ: 1
ಎರಡು ಜೋಡಿ: 2
ಒಂದೇ ಅಂಕಿಯ ಮೂರೆಲೆ: 3
ಸ್ಟ್ರೇಟ್, ಅಂದರೆ ಜಾತಿ ಬೇರೆಯಾದರೂ ಸತತವಾದ ಐದೆಲೆ: 4
ಫ್ಲಶ್, ಅಂದರೆ ಒಂದೇ ಜಾತಿಯ ಐದೆಲೆ: 6
ಫುಲ್ ಹೌಸ್, ಅಂದರೆ ಮೂರೆಲೆ ಜೊತೆಗೆ ಜೋಡಿ: 9
ಒಂದೇ ಅಂಕಿಯ ನಾಲ್ಕೆಲೆ: 25
ಸ್ಟ್ರೇಟ್ ಫ್ಲಶ್, ಒಂದೇ ಜಾತಿಯಲ್ಲಿ ಸತತವಾದ ಐದೆಲೆ: 50
ರಾಯಲ್ ಫ್ಲಶ್, ಒಂದೇ ಜಾತಿಯ 10, ಗುಲಾಮ, ರಾಣಿ, ರಾಜ, ಎಕ್ಕ: ಐದು ನಾಣ್ಯ ಕಟ್ಟಿದ್ದರೆ 4000, ಅಂದರೆ ನಾಣ್ಯಕ್ಕೆ 800; ಐದಕ್ಕಿಂತ ಕಡಿಮೆ ಕಟ್ಟಿದ್ದರೆ ನಾಣ್ಯಕ್ಕೆ 250 ಮಾತ್ರ

ಎಕ್ಕವನ್ನು 2ರ ಕೆಳಗೂ ಇಡಬಹುದು, ರಾಜನ ಮೇಲೂ ಇಡಬಹುದು. ರಾಣಿ, ರಾಜ, ಎಕ್ಕ, 2, 3 ಎಂದು ಸುತ್ತುಹಾಕಿಸುವಂತಿಲ್ಲ.

ಈ ಪಟ್ಟಿಗೆ 9/6 ಎಂದು ಹೆಸರು, ಏಕೆಂದರೆ ಫುಲ್ ಹೌಸ್‌ಗೆ 9, ಫ್ಲಶ್‌ಗೆ 6. ಪ್ರತಿ ಕೈಯನ್ನೂ ತಪ್ಪಿಲ್ಲದೆ ಆಡಿದರೆ ದೀರ್ಘಕಾಲದಲ್ಲಿ ಕಟ್ಟಿದ 100ಕ್ಕೆ 99.54 ವಾಪಸ್ ಬರುತ್ತದೆ. ಅದೇ ಹೆಸರಿನ ಯಂತ್ರ 8/5 ಕೊಟ್ಟರೆ 97.30, 7/5 ಕೊಟ್ಟರೆ 96.15, 6/5 ಕೊಟ್ಟರೆ 95.00. ಪರದೆಯ ಮೇಲಿನ ಬಣ್ಣ, ಹೆಸರು, ಗುಂಡಿ ಎಲ್ಲ ಒಂದೇ. ಎರಡು ಅಂಕಿ ಮಾತ್ರ ಬೇರೆ. ಕಾರಣ ಸರಳ. ಫುಲ್ ಹೌಸ್ ಸುಮಾರು 87 ಕೈಗೆ ಒಂದು, ಫ್ಲಶ್ ಸುಮಾರು 91 ಕೈಗೆ ಒಂದು ಬೀಳುತ್ತದೆ. ಅಂದರೆ ಎರಡೂ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಎರಡರಿಂದಲೂ ಒಂದೊಂದು ನಾಣ್ಯ ಕಿತ್ತುಕೊಂಡರೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಹೋಯಿತು. ಎಷ್ಟೇ ಜಾಣತನದಿಂದ ಆಡಿದರೂ ಅದನ್ನು ಮರಳಿ ತರಲಾಗದು. ಆಟಕ್ಕೆ ಕೂರುವ ಮೊದಲು ಈ ಎರಡು ಅಂಕಿ ನೋಡುವುದೇ ಮೊದಲ ತಂತ್ರ, ಎಲೆಯ ತಂತ್ರ ಅದರ ನಂತರ.

ನೂರಕ್ಕಿಂತ ಕಡಿಮೆ ಎಂಬುದನ್ನೂ ಗಮನಿಸಿ. ತಪ್ಪೇ ಇಲ್ಲದ ಆಟಕ್ಕೂ ಈ ಪಟ್ಟಿಯಲ್ಲಿ ಲಾಭವಿಲ್ಲ.

47ರ ಲೆಕ್ಕ

ಐದೆಲೆ ಕಂಡಿದೆ, 47 ಕಂಡಿಲ್ಲ. ಒಂದೇ ಎಲೆ ಬದಲಿಸುವಾಗ ಈ 47ರಲ್ಲಿ ಎಷ್ಟು ಎಲೆ ನಿಮಗೆ ಉಪಯೋಗಕ್ಕೆ ಬರುತ್ತದೆ ಎಂದು ಎಣಿಸಿ, ಒಂದೊಂದಕ್ಕೂ ಸಿಗುವ ನಾಣ್ಯದಿಂದ ಗುಣಿಸಿ, ಎಲ್ಲ ಕೂಡಿಸಿ 47ರಿಂದ ಭಾಗಿಸಿ. ಬಂದದ್ದು ಆ ನಿರ್ಧಾರದ ಬೆಲೆ.

ಕೈಯಲ್ಲಿ ಡೈಮನ್ 2, 4, 8, 10 ಮತ್ತು ಕಳಾವರ್ 4 ಇವೆ ಎನ್ನಿ. ನಾಲ್ಕು ಡೈಮನ್ ಉಳಿಸಿದರೆ ಇನ್ನು 13ರಲ್ಲಿ 9 ಡೈಮನ್ ಕಟ್ಟಿನಲ್ಲಿವೆ. 9 ಗುಣಿಸು 6, ಅಂದರೆ 54. ಅದನ್ನು 47ರಿಂದ ಭಾಗಿಸಿದರೆ 1.15. ನಾಲ್ಕರ ಜೋಡಿ ಉಳಿಸಿದರೆ ಮೂರೆಲೆ ಬರಬೇಕಾದ್ದರಿಂದ ಲೆಕ್ಕ ಉದ್ದ. ಸಣ್ಣ ಜೋಡಿಯ ಬೆಲೆ 0.82 ಎಂದು ನೆನಪಿಟ್ಟುಕೊಂಡರೆ ಸಾಕು. 1.15 ದೊಡ್ಡದು. ಜೋಡಿ ಒಡೆದು ಡೈಮನ್ ಹಿಡಿಯಬೇಕು.

ಈಗ 5, 5, 6, 7, 8, ಜಾತಿ ಎಲ್ಲ ಬೆರಕೆ. 5, 6, 7, 8 ಉಳಿಸಿದರೆ ನಾಲ್ಕು 4, ನಾಲ್ಕು 9, ಒಟ್ಟು 8 ಎಲೆ ಸ್ಟ್ರೇಟ್ ಮಾಡುತ್ತವೆ. 8 ಗುಣಿಸು 4 ಅಂದರೆ 32. 47ರಿಂದ ಭಾಗಿಸಿದರೆ 0.68. ಸಣ್ಣ ಜೋಡಿ 0.82. ಇಲ್ಲಿ ಜೋಡಿಯೇ ಮೇಲು.

ಅದೇ 10, 10, ಗುಲಾಮ, ರಾಣಿ, ರಾಜ ಬಂದರೆ ಉತ್ತರ ತಿರುಗುತ್ತದೆ. 10, ಗುಲಾಮ, ರಾಣಿ, ರಾಜ ಉಳಿಸಿದರೆ ನಾಲ್ಕು 9, ನಾಲ್ಕು ಎಕ್ಕದಿಂದ 32. ಜೊತೆಗೆ ಗುಲಾಮ, ರಾಣಿ, ರಾಜ ತಲಾ ಮೂರು ಉಳಿದಿದ್ದು ಅವುಗಳಲ್ಲಿ ಯಾವುದು ಬಂದರೂ ದೊಡ್ಡ ಜೋಡಿ, ಅಲ್ಲಿ 9. ಒಟ್ಟು 41, ಭಾಗಿಸಿದರೆ 0.87. ಹತ್ತರ ಜೋಡಿಯನ್ನು ಒಡೆಯಬೇಕು. ಇಂಥ ಒಂದೊಂದು ಕೈಯನ್ನು ಕೈಯಾರೆ ಎಣಿಸಿದವರಿಗೆ ಮುಂದಿನ ಪಟ್ಟಿ ಬಾಯಿಪಾಠ ಮಾಡುವ ಕಷ್ಟ ಇರುವುದಿಲ್ಲ.

ಮೇಲಿನಿಂದ ಕೆಳಕ್ಕೆ ಓದುವ ಪಟ್ಟಿ

ಎಲೆ ಬಿದ್ದ ಕೂಡಲೇ ಮೇಲಿನಿಂದ ಓದುತ್ತಾ ಬನ್ನಿ. ನಿಮ್ಮ ಕೈಗೆ ಮೊದಲು ಹೊಂದುವ ಸಾಲಿನಲ್ಲಿ ನಿಂತು ಅದನ್ನು ಮಾತ್ರ ಉಳಿಸಿ, ಮಿಕ್ಕದ್ದು ಬಿಡಿ.

1. ರಾಯಲ್ ಫ್ಲಶ್, ಸ್ಟ್ರೇಟ್ ಫ್ಲಶ್, ಒಂದೇ ಅಂಕಿಯ ನಾಲ್ಕೆಲೆ
2. ರಾಯಲ್‌ಗೆ ಒಂದೇ ಎಲೆ ಬಾಕಿ ಇರುವ ನಾಲ್ಕು
3. ಫುಲ್ ಹೌಸ್, ಫ್ಲಶ್, ಸ್ಟ್ರೇಟ್, ಒಂದೇ ಅಂಕಿಯ ಮೂರೆಲೆ
4. ಸ್ಟ್ರೇಟ್ ಫ್ಲಶ್‌ಗೆ ಒಂದು ಬಾಕಿ ಇರುವ ನಾಲ್ಕು
5. ಎರಡು ಜೋಡಿ
6. ದೊಡ್ಡೆಲೆಯ ಜೋಡಿ
7. ರಾಯಲ್‌ಗೆ ಸೇರುವ ಒಂದೇ ಜಾತಿಯ ಮೂರು
8. ಒಂದೇ ಜಾತಿಯ ನಾಲ್ಕು
9. ಸಣ್ಣ ಜೋಡಿ
10. ಎರಡೂ ತುದಿ ತೆರೆದ ಸತತ ನಾಲ್ಕು
11. ಒಂದೇ ಜಾತಿಯ ಎರಡು ದೊಡ್ಡೆಲೆ
12. ಸ್ಟ್ರೇಟ್ ಫ್ಲಶ್‌ಗೆ ಸೇರುವ ಮೂರು
13. ಬೇರೆ ಜಾತಿಯ ಎರಡು ದೊಡ್ಡೆಲೆ; ಎರಡಕ್ಕಿಂತ ಹೆಚ್ಚಿದ್ದರೆ ಅವುಗಳಲ್ಲಿ ಚಿಕ್ಕವೆರಡು
14. ಒಂದೇ ಜಾತಿಯ 10 ಮತ್ತು ಗುಲಾಮ, ಅಥವಾ 10 ಮತ್ತು ರಾಣಿ, ಅಥವಾ 10 ಮತ್ತು ರಾಜ
15. ಒಂದೇ ದೊಡ್ಡೆಲೆ
16. ಏನೂ ಇಲ್ಲವೇ, ಐದನ್ನೂ ಬಿಡಿ

ಇದು ಸರಳ ಪಟ್ಟಿ. ಇದನ್ನೇ ಚಾಚೂ ತಪ್ಪದೆ ಆಡಿದರೆ ಸುಮಾರು 99.46 ಬರುತ್ತದೆ, ಪೂರ್ಣ ತಂತ್ರಕ್ಕಿಂತ ನೂರಕ್ಕೆ 0.08 ಮಾತ್ರ ಕಡಿಮೆ. ಮೂರು ತಿದ್ದುಪಡಿ ಸೇರಿಸಿಕೊಂಡರೆ ಇನ್ನೂ ಹತ್ತಿರ ಹೋಗಬಹುದು. ಮೊದಲನೆಯದು ಆಗಲೇ ನೋಡಿದ್ದು: ಬೇರೆ ಜಾತಿಯ 10, ಗುಲಾಮ, ರಾಣಿ, ರಾಜ ಸಣ್ಣ ಜೋಡಿಗಿಂತ ಮೇಲೆ. ಎರಡನೆಯದು, ಬೇರೆ ಜಾತಿಯ ಗುಲಾಮ, ರಾಣಿ, ರಾಜ, ಎಕ್ಕ ನಾಲ್ಕೂ ಬಂದರೆ ನಾಲ್ಕನ್ನೂ ಉಳಿಸಿ: ನಾಲ್ಕು ಹತ್ತುಗಳಿಂದ 16, ಜೋಡಿಯಾಗುವ 12 ಎಲೆಯಿಂದ 12, ಒಟ್ಟು 28, ಬೆಲೆ 0.60. ಮೂರನೆಯದು, ಬೇರೆ ಜಾತಿಯ ಗುಲಾಮ, ರಾಣಿ, ರಾಜ ಮೂರೇ ಇದ್ದಾಗ ಮೂರನ್ನೂ ಉಳಿಸಿ. ಆದರೆ ಗುಲಾಮ, ರಾಣಿ, ಎಕ್ಕ ಇದ್ದರೆ ಎಕ್ಕವನ್ನು ಬಿಡಬೇಕು. ಎಕ್ಕ ಸೇರಿದರೆ ಸ್ಟ್ರೇಟ್ ಆಗಲು ಒಂದೇ ದಾರಿ ಉಳಿಯುತ್ತದೆ. ಗುಲಾಮ, ರಾಣಿ ಇಬ್ಬರೇ ಇದ್ದರೆ 8ರಿಂದಲೂ 9ರಿಂದಲೂ 10ರಿಂದಲೂ ಏರಬಹುದು.

ಎರಡನೇ ಸಾಲಿನ ಬಗ್ಗೆ ಇನ್ನೊಂದು ಮಾತು ಬೇಕು, ಏಕೆಂದರೆ ಅಲ್ಲಿ ಮನಸ್ಸು ಒಪ್ಪುವುದಿಲ್ಲ. ಆಟೀನು 3, 10, ಗುಲಾಮ, ರಾಣಿ, ರಾಜ ಬಂದಿದೆ. ಫ್ಲಶ್ ಆಗಿಯೇ ಇದೆ, 6 ನಾಣ್ಯ ಖಂಡಿತ. ಪಟ್ಟಿ ಹೇಳುವುದು 3ನ್ನು ಬಿಡು ಎಂದು. ಎಣಿಸಿ ನೋಡಿ: ಆಟೀನು ಎಕ್ಕ ಬಂದರೆ 800. ಆಟೀನು 9 ಬಂದರೆ 50. ಮಿಕ್ಕ 6 ಆಟೀನಿನಲ್ಲಿ ಯಾವುದು ಬಂದರೂ ಫ್ಲಶ್, ಅಲ್ಲಿ 36. ಬೇರೆ ಜಾತಿಯ ಮೂರು ಎಕ್ಕ, ಮೂರು 9 ಸ್ಟ್ರೇಟ್, ಅಲ್ಲಿ 24. ದೊಡ್ಡ ಜೋಡಿಯ 9 ಎಲೆ, ಅಲ್ಲಿ 9. ಒಟ್ಟು 919; ಭಾಗಿಸಿದರೆ 19.55. ಕೈಯಲ್ಲಿರುವ 6ರ ಮೂರು ಪಟ್ಟಿಗಿಂತ ಹೆಚ್ಚು. ಹತ್ತು ಸಲ ಹೀಗೆ ಮಾಡಿದರೆ ಹೆಚ್ಚಿನ ಸಲ ಫ್ಲಶ್ ಕಳೆದುಕೊಂಡದ್ದೇ ಕಾಣುತ್ತದೆ, ಆದರೂ ನಿರ್ಧಾರ ಸರಿ.

ಇದನ್ನು ನೋಡಿ ಸ್ಟ್ರೇಟನ್ನೂ ಹಾಗೇ ಒಡೆಯಬಹುದೆಂದು ಹೊರಡಬೇಡಿ. ಇಸ್ಪೀಟು 5, 6, 7, 8 ಮತ್ತು ಆಟೀನು 9 ಇದ್ದರೆ ಸ್ಟ್ರೇಟ್ ಆಗಿದೆ, ಬೆಲೆ 4. 9ನ್ನು ಬಿಟ್ಟರೆ ಇಸ್ಪೀಟು 4, 9ರಿಂದ 100, ಇತರ 7 ಇಸ್ಪೀಟಿನಿಂದ 42, ಸ್ಟ್ರೇಟ್ ಮಾಡುವ 5 ಎಲೆಯಿಂದ 20. ಒಟ್ಟು 162, ಅಂದರೆ 3.45. ನಾಲ್ಕಕ್ಕಿಂತ ಕಡಿಮೆ. ಇದ್ದದ್ದನ್ನು ಇಟ್ಟುಕೊಳ್ಳಿ.

ನಮ್ಮ ಆಟಗಾರರು ಎಡವುವ ಜಾಗ

ರಮ್ಮಿ ಆಡಿದವರ ಕೈ 5, 6, 8, 9 ಕಂಡರೆ ಬಿಡಲು ಒಪ್ಪುವುದಿಲ್ಲ. ರಮ್ಮಿಯಲ್ಲಿ 7ಕ್ಕಾಗಿ ಕಾಯಬಹುದು, ಸರದಿ ಬಂದಾಗಲೆಲ್ಲ ಒಂದು ಎಲೆ ಎತ್ತುತ್ತೀರಿ, ಎದುರಿನವರು ಹಾಕಿದ್ದನ್ನೂ ತೆಗೆದುಕೊಳ್ಳಬಹುದು, ಜೋಕರ್ ಕೂಡ ಇದೆ. ಇಲ್ಲಿ ಒಂದೇ ಎತ್ತು. ನಾಲ್ಕು 7 ಗುಣಿಸು 4, ಅಂದರೆ 16. 47ರಿಂದ ಭಾಗಿಸಿದರೆ 0.34. ಐದನ್ನೂ ಬಿಸಾಡಿ ಹೊಸ ಐದು ತೆಗೆದರೆ 0.36. ಅಂದರೆ ನಡುವೆ ಒಂದು ಎಲೆ ಖಾಲಿ ಇರುವ ಸಣ್ಣ ಸೀಕ್ವೆನ್ಸ್ ಏನೂ ಇಲ್ಲದ ಕೈಗಿಂತಲೂ ಕಡಿಮೆ ಬೆಲೆಯದು. ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲದಿರುವುದು ಇದಕ್ಕೇ.

ಮೂರೆಲೆ ಆಡಿದವರಿಗೆ ಎಕ್ಕದ ಮೇಲೆ ವಿಶ್ವಾಸ ಹೆಚ್ಚು. ಅಲ್ಲಿ ಇಬ್ಬರಿಗೂ ಒಂದೇ ಜೋಡಿ ಬಂದಾಗ ಮೂರನೇ ಎಲೆ ಗೆಲ್ಲಿಸುತ್ತದೆ. ಹಾಗಾಗಿ ಗುಲಾಮನ ಜೋಡಿ ಜೊತೆಗೆ ಎಕ್ಕವನ್ನೂ ಉಳಿಸುತ್ತಾರೆ. ಇಲ್ಲಿ ಹೋಲಿಸಲು ಎದುರಿಗೆ ಯಾರೂ ಇಲ್ಲ. ಜೋಡಿ ಮಾತ್ರ ಉಳಿಸಿ ಮೂರೆಲೆ ಎತ್ತಿದರೆ ಬೆಲೆ 1.54, ಎಕ್ಕವನ್ನೂ ಹಿಡಿದು ಎರಡೇ ಎತ್ತಿದರೆ 1.42. ವ್ಯತ್ಯಾಸ 0.12 ಸಣ್ಣದಾಗಿ ಕಾಣಬಹುದು. ಆದರೆ ಮೊದಲ ಐದೆಲೆಯಲ್ಲೇ ದೊಡ್ಡ ಜೋಡಿ ಬೀಳುವುದು ನೂರಕ್ಕೆ 13 ಸಲ. ಪ್ರತಿ ದೊಡ್ಡ ಜೋಡಿಯ ಜೊತೆಗೂ ಹೀಗೆ ಇನ್ನೊಂದು ಎಲೆ ಹಿಡಿದರೆ ಈ ಒಂದೇ ಅಭ್ಯಾಸ ಒಟ್ಟು ಲೆಕ್ಕದಲ್ಲಿ ನೂರಕ್ಕೆ ಒಂದೂವರೆ ತಿಂದುಹಾಕುತ್ತದೆ. 9/6 ಯಂತ್ರ ಇಟ್ಟುಕೊಳ್ಳುವುದೇ ನೂರಕ್ಕೆ ಅರ್ಧ. ಅದರ ಮೂರು ಪಟ್ಟನ್ನು ಆಟಗಾರರೇ ತಾವಾಗಿ ಕೊಟ್ಟಂತಾಯಿತು.

ಸಣ್ಣ ಜೋಡಿಯನ್ನು ಬಿಟ್ಟು ಒಂಟಿ ಎಕ್ಕ ಹಿಡಿಯುವುದು ಇದೇ ಕುಲದ, ಇನ್ನೂ ದುಬಾರಿ ತಪ್ಪು. ಒಂಟಿ ದೊಡ್ಡೆಲೆಯ ಬೆಲೆ ಸುಮಾರು 0.47, ಸಣ್ಣ ಜೋಡಿಯದು 0.82. ಸಣ್ಣ ಜೋಡಿ ನೂರಕ್ಕೆ 71 ಸಲ ಏನೂ ಆಗದೆ ಹೋಗುತ್ತದೆ, ಅದಕ್ಕೇ ಜನಕ್ಕೆ ಅದರ ಮೇಲೆ ಬೇಸರ. ಆದರೆ ಆದಾಗ ಕನಿಷ್ಠ ಎರಡು ಜೋಡಿ, ಕೆಲವೊಮ್ಮೆ ಮೂರೆಲೆ, ಅಪರೂಪಕ್ಕೆ ಫುಲ್ ಹೌಸ್ ಅಥವಾ ನಾಲ್ಕೆಲೆ. ಒಂಟಿ ಎಕ್ಕ ಫಲಿಸಿದಾಗ ಬಹುಪಾಲು ಕಟ್ಟಿದ್ದು ವಾಪಸ್, ಅಷ್ಟೇ. ಮೊದಲ ಐದರಲ್ಲಿ ಸಣ್ಣ ಜೋಡಿ ಬೀಳುವುದು ನೂರಕ್ಕೆ 29 ಸಲ, ಆದ್ದರಿಂದ ಈ ಸಾಲನ್ನು ಎಲ್ಲಕ್ಕಿಂತ ಮೊದಲು ಗಟ್ಟಿಮಾಡಿಕೊಳ್ಳಿ.

ಅಂದರ್ ಬಾಹರ್‌ನಿಂದ ಬರುವುದು ಸರದಿಯ ನಂಬಿಕೆ. ನಾಲ್ಕು ಸಲ ಒಳಗೆ ಬಿತ್ತು, ಈಗ ಹೊರಗೆ ಬೀಳಲೇಬೇಕು ಎಂಬ ಮಾತು. ವಿಡಿಯೊ ಪೋಕರ್‌ನಲ್ಲಿ ಪ್ರತಿ ಕೈಗೂ ಕಟ್ಟು ಹೊಸದಾಗಿ ಕಲಸಲ್ಪಡುತ್ತದೆ. ಇಪ್ಪತ್ತು ಕೈ ಬರಿದಾಗಿ ಹೋಯಿತೆಂದು ಇಪ್ಪತ್ತೊಂದನೆಯದಕ್ಕೆ ಯಾವ ಋಣವೂ ಇಲ್ಲ. ಗೆದ್ದದ್ದನ್ನು ದುಪ್ಪಟ್ಟು ಮಾಡಿಕೋ ಎಂದು ಕೆಲವು ಯಂತ್ರ ಕೇಳುತ್ತವಲ್ಲ, ಅದರಲ್ಲೂ ಇದೇ ನಂಬಿಕೆ ಕೆಲಸ ಮಾಡುತ್ತದೆ. ನ್ಯಾಯವಾಗಿ ನಡೆದರೆ ಅದು ಸಮಬಾಜಿ, ಸರಾಸರಿಯನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ; ಏರಿಳಿತವನ್ನು ಮಾತ್ರ ಹೆಚ್ಚಿಸುತ್ತದೆ. ಕಲಿಯುವವರು ಅದನ್ನು ಮುಟ್ಟದಿರುವುದೇ ಲೇಸು.

ಉತ್ತರ ಮುಚ್ಚಿಟ್ಟು ಪ್ರಯತ್ನಿಸಲು ನಾಲ್ಕು ಕೈ

ಇಸ್ಪೀಟು ಗುಲಾಮ, ಆಟೀನು ಗುಲಾಮ, ಇಸ್ಪೀಟು 3, 7, 9. ಗುಲಾಮನ ಜೋಡಿ ಉಳಿಸಿ. ನಾಲ್ಕು ಇಸ್ಪೀಟಿನ ಬೆಲೆ 1.19, ಜೋಡಿಯದು 1.54.

ಕಳಾವರ್ ರಾಜ, ಡೈಮನ್ ರಾಜ, ಡೈಮನ್ ರಾಣಿ, ಡೈಮನ್ ಗುಲಾಮ, ಇಸ್ಪೀಟು 5. ರಾಯಲ್‌ಗೆ ಮೂರು ಡೈಮನ್ ಇವೆ, ಆದರೂ ರಾಜನ ಜೋಡಿ ಆರನೇ ಸಾಲಿನಲ್ಲಿದೆ, ಮೂರು ಡೈಮನ್ ಏಳರಲ್ಲಿ. ಜೋಡಿ.

ರಾಜ, ರಾಜ, 6, 6, ಎಕ್ಕ. ಎರಡು ಜೋಡಿ ಉಳಿಸಿ ಎಕ್ಕ ಬಿಡಿ. ನಾಲ್ಕು ಎಲೆ ಫುಲ್ ಹೌಸ್ ಮಾಡುತ್ತವೆ, ಅಲ್ಲಿ 36. ಮಿಕ್ಕ 43 ಬಂದರೂ ಎರಡು ಜೋಡಿ ಉಳಿದೇ ಇರುತ್ತದೆ, ಅಲ್ಲಿ 86. ಒಟ್ಟು 122, ಬೆಲೆ 2.60. ರಾಜನ ಜೋಡಿ ಮಾತ್ರ ಇಟ್ಟುಕೊಂಡರೆ ಒಂದೂವರೆ.

ಡೈಮನ್ 10, ಡೈಮನ್ ರಾಣಿ, ಕಳಾವರ್ ಎಕ್ಕ, ಆಟೀನು 6, ಇಸ್ಪೀಟು 3. ಒಂದೇ ಜಾತಿಯ 10, ರಾಣಿ ಕಣ್ಣಿಗೆ ಹೊಡೆಯುತ್ತವೆ, ಆದರೆ ಅದು 14ನೇ ಸಾಲು. ಬೇರೆ ಜಾತಿಯ ರಾಣಿ, ಎಕ್ಕ 13ರಲ್ಲಿವೆ. ಸರಳ ಪಟ್ಟಿಯಂತೆ ಅವೆರಡನ್ನು ಉಳಿಸಿ; ಪೂರ್ಣ ತಂತ್ರದಲ್ಲಿ ಮಾತ್ರ ಡೈಮನ್ 10, ರಾಣಿ ತುಸು ಮೇಲು.

ನೂರು ಕೈ ಆದಮೇಲೆ ನೋಟ್‌ಬುಕ್ ನೋಡಿ

ನೂರರಲ್ಲಿ 54, 55 ಕೈ ಬರಿದಾಗಿ ಹೋಗುವುದು ಸರಾಸರಿ. ದೊಡ್ಡ ಜೋಡಿ 21ರಷ್ಟು, ಎರಡು ಜೋಡಿ 13ರಷ್ಟು, ಮೂರೆಲೆ 7ರಷ್ಟು, ಸ್ಟ್ರೇಟ್, ಫ್ಲಶ್, ಫುಲ್ ಹೌಸ್ ತಲಾ ಒಂದರಷ್ಟು. ಒಂದೇ ಅಂಕಿಯ ನಾಲ್ಕೆಲೆ ಸುಮಾರು 423 ಕೈಗೆ ಒಂದು. ಆದ್ದರಿಂದ ನೂರು ಕೈಯ ಒಂದು ಕೂರುವಿಕೆಯಲ್ಲಿ ಅದು ಕಾಣುವುದು ಐದಕ್ಕೊಂದು ಸಲ ಮಾತ್ರ. ಅದು ಬರದಿದ್ದರೆ 500 ಬೀಜ 455ರ ಆಸುಪಾಸಿಗೆ ಇಳಿದಿರುತ್ತದೆ. 380ರಿಂದ 530ರವರೆಗೆ ಎಲ್ಲಿದ್ದರೂ ಅಸಹಜವೇನಲ್ಲ. ಎರಡು, ಮೂರು ಸಲ ನೂರು ಕೈ ಆಡಿಯೂ ಪ್ರತಿ ಬಾರಿ 350ರ ಕೆಳಗೇ ಇದ್ದರೆ ಅದೃಷ್ಟವನ್ನು ಬೈಯುವ ಮೊದಲು ನೋಟ್‌ಬುಕ್ಕಿನಲ್ಲಿ ಸಣ್ಣ ಜೋಡಿ ಬಂದ ಕೈಗಳನ್ನೆಲ್ಲ ಮತ್ತೆ ನೋಡಿ. ತಪ್ಪು ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ರಾಯಲ್ ಫ್ಲಶ್ ಸರಿಯಾಗಿ ಆಡಿದರೂ ಸುಮಾರು 40,390 ಕೈಗೆ ಒಂದು. ಯಂತ್ರದ ಮುಂದೆ ಗಂಟೆಗೆ 500 ಕೈ ಆಡಿದರೆ 80 ಗಂಟೆಗೆ ಒಂದು ಸಲದ ಲೆಕ್ಕ. 99.54ರಲ್ಲಿ ಸುಮಾರು 1.98 ಈ ಒಂದು ಕೈಯಿಂದ ಬರುವುದು. ಅದು ಬಾರದಿರುವಷ್ಟು ಕಾಲ ನೀವು ಆಡುತ್ತಿರುವುದು 97.56ರ ಆಟ. ಐದು ನಾಣ್ಯಕ್ಕಿಂತ ಕಡಿಮೆ ಕಟ್ಟಿದವರಿಗೆ ರಾಯಲ್‌ನ ಬೆಲೆಯೇ ಇಳಿಯುವುದರಿಂದ ಒಟ್ಟು ವಾಪಸಾತಿ ಸುಮಾರು 98.4ಕ್ಕೆ ಬೀಳುತ್ತದೆ. ಬೀಜದಲ್ಲಿ ಅಭ್ಯಾಸ ಮಾಡುವಾಗಲೂ ಐದೇ ಕಟ್ಟಿ ಎಂದದ್ದು ಇದಕ್ಕೆ.

ಏರಿಳಿತ ಎಷ್ಟು ದೊಡ್ಡದೆಂದರೆ, ಸಾವಿರ ಕೈ ಆಡಿದಾಗ ಸರಾಸರಿ ನಷ್ಟ ಐದು ಕೈಯ ಕಟ್ಟಿಗಿಂತ ಕಡಿಮೆ, ಆದರೆ ಸಹಜ ಏರಿಳಿತ 140 ಕೈಯ ಕಟ್ಟಿನಷ್ಟು. ಹೀಗಾಗಿ ಸಾವಿರ ಕೈಯಲ್ಲಿ ಗೆದ್ದವರು ಚೆನ್ನಾಗಿ ಆಡಿದವರೆಂದು ಹೇಳಲು ಬರುವುದಿಲ್ಲ. ನಿರ್ಧಾರವನ್ನು ಪಟ್ಟಿಗೆ ಹೋಲಿಸಿ ಅಳೆಯಿರಿ, ಬೀಜದ ರಾಶಿ ನೋಡಿ ಅಳೆಯಬೇಡಿ.

ಮೊಬೈಲಿನಲ್ಲಿ ಆಡುವುದಾದರೆ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದ ಆ ನಿಷೇಧದಲ್ಲಿ ಇಲ್ಲ. ಪಣ ಕಟ್ಟಿಸುವ ಅಡ್ಡೆಗಳ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆ 1963ರ ಅಡಿ ದಾಳಿ ನಡೆಯುವುದು ನಮ್ಮ ಮೂರೂ ಜಿಲ್ಲೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಆದ್ದರಿಂದ ಮೊಬೈಲಿನಲ್ಲಿ ಉಚಿತ ಅಭ್ಯಾಸದ ಆ್ಯಪ್ ಮಾತ್ರ. ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪಿನಲ್ಲಿ ಬಂದ ಕೊಂಡಿಯಿಂದ ಎಪಿಕೆ ಇಳಿಸಿಕೊಳ್ಳಬೇಡಿ. 100 ಹಾಕಿದರೆ 500 ಬೋನಸ್ ಎನ್ನುವ ಯಾವುದಕ್ಕೂ ಯುಪಿಐ ಪಿನ್ ಒತ್ತಬೇಡಿ. ಉಚಿತ ಆ್ಯಪ್‌ಗಳೂ ದಿನದ ನಾಣ್ಯ ಮುಗಿದಾಗ ಹಣಕ್ಕೆ ನಾಣ್ಯ ಮಾರುತ್ತವೆ, ಆ ನಾಣ್ಯ ಗೆದ್ದರೂ ಹಣವಾಗಿ ಹಿಂದೆ ಬರುವುದಿಲ್ಲ. ನಾಣ್ಯ ಮುಗಿದ ದಿನ ಕಟ್ಟು ಎಲೆ ತೆಗೆದು ಕೂರಿ. ಮನೆಯಲ್ಲಿ ಯಾರಾದರೂ ಹಣದ ಆಟದಿಂದ ಹೊರಬರಲಾಗದೆ ಒದ್ದಾಡುತ್ತಿದ್ದರೆ 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ.

ಆ್ಯಪ್‌ನಲ್ಲಿ ಆಗುವ ಕೈತಪ್ಪುಗಳು ಬೇರೆ. ಹೋಲ್ಡ್ ಒತ್ತುವ ಮೊದಲೇ ಡ್ರಾ ಒತ್ತಿದರೆ ಐದೂ ಹೋಗುತ್ತವೆ. ಒಂದೇ ಎಲೆಯ ಮೇಲೆ ಎರಡು ಸಲ ಬೆರಳು ತಾಗಿದರೆ ಹೋಲ್ಡ್ ಬಿಟ್ಟುಹೋಗುತ್ತದೆ, ಡ್ರಾ ಒತ್ತುವ ಮೊದಲು ಪ್ರತಿ ಎಲೆಯ ಗುರುತು ನೋಡಿಕೊಳ್ಳಿ. ತಾನೇ ಎಲೆ ಆರಿಸಿಕೊಡುವ ಆಟೊ ಹೋಲ್ಡ್ ಸೌಲಭ್ಯವನ್ನು ಆಫ್ ಮಾಡಿಡಿ. ಅದು ಕೊಡುವ ಸಲಹೆ ಎಲ್ಲ ಕಡೆ ಸರಿ ಇರುವುದಿಲ್ಲ, ಸರಿ ಇದ್ದರೂ ನಿಮಗೆ ಏನೂ ಕಲಿಸುವುದಿಲ್ಲ. ವೇಗ ಬೇಡ, ನಿಮಿಷಕ್ಕೆ ಎರಡು ಕೈ ಸಾಕು.

ಡ್ಯೂಸಸ್ ವೈಲ್ಡ್, ಬೋನಸ್ ಪೋಕರ್ ಮುಂತಾದ ಬಗೆಗಳು ಅದೇ ಆ್ಯಪ್‌ನಲ್ಲಿ ಪಕ್ಕದಲ್ಲೇ ಇರುತ್ತವೆ. ಈ ಪಟ್ಟಿಯನ್ನು ಅಲ್ಲಿಗೆ ಒಯ್ಯಬೇಡಿ. ಡ್ಯೂಸಸ್ ವೈಲ್ಡ್‌ನಲ್ಲಿ ನಾಲ್ಕೂ 2 ಜೋಕರ್‌ಗಳು. ಜೋಡಿಗೂ ಎರಡು ಜೋಡಿಗೂ ಅಲ್ಲಿ ಏನೂ ಇಲ್ಲ, ಮೂರೆಲೆಯಿಂದ ಲೆಕ್ಕ ಶುರು. ಅಲ್ಲಿ ರಾಜನ ಜೋಡಿಗೂ ನಾಲ್ಕರ ಜೋಡಿಗೂ ಭೇದವಿಲ್ಲ, ಎರಡು ಜೋಡಿ ಬಂದರೆ ಒಂದನ್ನು ಬಿಡಬೇಕು, 2 ಬಂದರೆ ಯಾವ ಕಾರಣಕ್ಕೂ ಬಿಡಬಾರದು. ಜಾಕ್ಸ್ ಆರ್ ಬೆಟರ್‌ನಲ್ಲಿ ನೂರು ಕೈಗೆ ಒಂದೆರಡಕ್ಕಿಂತ ಹೆಚ್ಚು ತಪ್ಪು ಬಾರದ ಹಂತ ಮುಟ್ಟಿದಮೇಲೆ, ಅದಕ್ಕೆ ಬೇರೆಯೇ ಪಟ್ಟಿ ಬರೆದುಕೊಂಡು 47ರ ಎಣಿಕೆಯನ್ನು ಮೊದಲಿನಿಂದ ಹಿಡಿಯಿರಿ.